ಕುಡಿತ ಬಿಟ್ಟವರಿಗೆ ಮೊದಲು ಕೆಲಸ ಕೊಡಿ, ಚಪ್ಪಾಳೆ ಆಮೇಲೆ ತಟ್ಟಿ

ಮಾನ್ಯ ಸಂಪಾದಕರೇ,

ಜೂನ್ 26 ಬಂತು ಅಂದ್ರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಇದ್ದೇ ಇರುತ್ತೆ, ಹೈಸ್ಕೂಲ್ ಮಕ್ಕಳು ಬ್ಯಾನರ್ ಹಿಡ್ಕೊಂಡು ಸಾಲಾಗಿ ನಿಂತಿರ್ತಾರೆ, ಮುಂದೆ ಡಿಸಿ, ಎಸ್ಪಿ, ಡಿಎಚ್‌ಒ, ಮಾದಕ ವಸ್ತು ವಿರೋಧಿ ದಿನದ ಜಾಥಾ ಅಂತ. ಆಗಸ್ಟ್ 1ಕ್ಕೆ ಇಳಕಲ್ಲಿನ ಮಠದ ಸ್ವಾಮಿಗಳಾಗಿದ್ದ ಮಹಾಂತ ಅಪ್ಪಗಳ ಜನ್ಮದಿನ, ಸರ್ಕಾರನೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತೆ, ಅವತ್ತು ಎಲ್ಲಾ ಆಫೀಸಲ್ಲೂ ಪ್ರತಿಜ್ಞೆ. ಅಕ್ಟೋಬರ್ 2ಕ್ಕೆ ಮತ್ತೆ ಮೆರವಣಿಗೆ, ಮತ್ತೆ ಭಾಷಣ. ಇದೆಲ್ಲ ಬೇಡ ಅಂತ ನಾನು ಹೇಳ್ತಿಲ್ಲ, ಅಪ್ಪಗಳು ಜೋಳಿಗೆ ಹಿಡ್ಕೊಂಡು ಮನೆಮನೆಗೆ ಹೋಗಿ ದುಡ್ಡು ಬೇಡ ನಿಮ್ಮ ದುಶ್ಚಟ ಹಾಕಿ ಅಂತ ಕೇಳಿದ್ದು ದೊಡ್ಡ ಕೆಲಸ, ಆ ಜೋಳಿಗೆಗೆ ಚಟ ಹಾಕಿ ಬದುಕಿದ ಮನೆಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಎಷ್ಟೋ ಇದಾವೆ. ಆದ್ರೆ ಈ ಫೋಟೊಗಳಲ್ಲಿ ಕುಡಿತ ಬಿಟ್ಟು ಬದುಕ್ತಿರೋ ಒಬ್ಬ ಮನುಷ್ಯನ್ನ ವೇದಿಕೆ ಮೇಲೆ ಕೂರಿಸಿ ನಿಮಗೇನು ಬೇಕಪ್ಪ ಅಂತ ಕೇಳಿದ್ದನ್ನ ನಾನಂತೂ ನೋಡಿಲ್ಲ. ಬಿಡಿ ಬಿಡಿ ಅಂತ ಹೇಳೋರು ಸಾವಿರ ಜನ ಇದಾರೆ, ಬಿಟ್ಟ ಮೇಲೆ ಏನು ಅಂತ ಕೇಳೋರು ಯಾರೂ ಇಲ್ಲ, ಅದನ್ನ ಬರೆಯೋಕೇ ಈ ಪತ್ರ.

ನಾನು ಚನ್ನಗಿರಿ ಕಡೆಯೋಳು, ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೀತೀನಿ. ನಮ್ಮಣ್ಣ ಲೇತ್ ಕೆಲಸ ಮಾಡೋನು, ಒಳ್ಳೆ ಕೈ, ಡ್ರಾಯಿಂಗ್ ತೋರಿಸಿದ್ರೆ ಸಾಕು ಪೀಸ್ ಮಾಡಿ ಕೊಡ್ತಿದ್ದ. ಕುಡಿತಕ್ಕೆ ಬಿದ್ದ, ಕೆಲಸ ಹೋಯ್ತು, ಅತ್ತಿಗೆ ಬಳೆ ಹೋದ್ವು, ಆ ಕತೆ ನಿಮ್ಮ ಓದುಗರಿಗೆ ಹೊಸದೇನಲ್ಲ ಬಿಡಿ. ಆಮೇಲೆ ಸರ್ಕಾರಿ ಆಸ್ಪತ್ರೆಲೇ ಚಿಕಿತ್ಸೆ ಆಯ್ತು, ಗುಳಿಗೆ, ಕೌನ್ಸೆಲಿಂಗ್, ಕುಡಿತ ಬಿಡೋರೇ ಸೇರೋ ಎಎ ಮೀಟಿಂಗ್ ಎಲ್ಲಾ ಆಗಿ ಅವನು ಬಿಟ್ಟ. ಬಿಟ್ಟು ವರ್ಷಗಳೇ ಆದ್ವು. ಹೊಸ ಕತೆ ಶುರುವಾಗೋದು ಇಲ್ಲಿಂದ.

ಕೆಲಸ ಕೇಳೋಕೆ ಹೋದ. ಒಂದು ವರ್ಕ್‌ಶಾಪ್‌ನಲ್ಲಿ ಟ್ರಯಲ್ ಪೀಸ್ ಮಾಡಿಸ್ಕೊಂಡ್ರು, ಚೆನ್ನಾಗಿದೆ ಅಂದ್ರು, ನಾಳೆ ಬಾ ಅಂದ್ರು, ನಾಳೆ ಹೋದ್ರೆ ಯಾರೋ ಹೇಳಿಬಿಟ್ಟಿದ್ರು ಅವನು ಹಂಗೆ ಅಂತ, ಜಾಗ ತುಂಬಿತು ಅಂದ್ರು. ಬಾಡಿಗೆ ಮನೆ ಕೇಳಿದ್ರೂ ಅದೇ, ಅಡ್ವಾನ್ಸ್ ಕೈಯಲ್ಲಿ ಹಿಡ್ಕೊಂಡು ನಿಂತಿದ್ರೂ ಅದೇ. ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ರೆ ಜಾಮೀನು ಹಾಕೋಕೆ ಸ್ವಂತ ಸಂಬಂಧಿಕರೇ ಹಿಂದೆ ಸರಿದ್ರು. ಅವನ ಮಗಳಿಗೆ ಗಂಡು ನೋಡೋವಾಗ ಹುಡುಗನ ಕಡೆಯೋರು ಎಲ್ಲಾ ಒಪ್ಪಿ, ಎಲೆ ಅಡಿಕೆ ಇಡೋ ಹೊತ್ತಿಗೆ, ಅಪ್ಪ ಹಿಂದೆ ಕುಡೀತಿದ್ರಂತೆ ಅಲ್ವಾ ಅಂತ ಎದ್ದು ಹೋದ್ರು. ಅವತ್ತು ಆ ಮನೇಲಿ ಕುಡಿದಿರೋರು ಇಬ್ಬರೋ ಮೂವರೋ ಇದ್ರು ಸಂಪಾದಕರೇ, ಅವರ್ಯಾರೂ ನಮ್ಮಣ್ಣ ಅಲ್ಲ. ಈಗ ಕುಡೀತಿರೋರಿಗೆ ಮರ್ಯಾದೆ ಇದೆ, ಬಿಟ್ಟೋನಿಗೆ ಇಲ್ಲ. ಇದನ್ನ ಬರೀವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಇದು ನಮ್ಮೊಬ್ಬರ ಮನೆ ಮಾತಲ್ಲ. ಎಎ ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಒಬ್ಬ ಶೇರು ವ್ಯಾಪಾರದವರು ಒಬ್ಬ ಸರ್ಜನ್ ಸೇರಿ ಶುರು ಮಾಡಿದ್ದು, ಇಬ್ಬರೂ ಕುಡಿತದಿಂದ ನೊಂದಿದ್ದೋರೇ. ಇವತ್ತು ನಮ್ಮಲ್ಲೂ ಕನ್ನಡದಲ್ಲೇ ಮೀಟಿಂಗ್ ನಡೀತವೆ, ಶಾಲೆ ರೂಮಲ್ಲೋ ಚರ್ಚಿನ ಹಾಲಲ್ಲೋ, ಫೀಸಿಲ್ಲ, ಜಾತಿ ಕೇಳಲ್ಲ, ಅಡ್ರೆಸ್ ಕೇಳಲ್ಲ, ಹೆಸರು ಹೇಳಿದ್ರೆ ಸಾಕು. ಮನೆಯೋರಿಗೆ ಆಲ್-ಅನಾನ್ ಅಂತ ಬೇರೆ ಗುಂಪಿದೆ. ಅಲ್ಲಿ ಕೂತ್ಕೊಂಡು ಕೇಳಿಸಿಕೊಂಡ್ರೆ ಗೊತ್ತಾಗುತ್ತೆ, ಬಸ್ ಡ್ರೈವರ್, ಮೇಷ್ಟ್ರು, ಗಾರೆ ಕೆಲಸದೋರು, ಬ್ಯಾಂಕಿನೋರು ಎಲ್ಲಾ ಇದಾರೆ, ಎಲ್ಲರ ಬಾಯಲ್ಲೂ ಒಂದೇ ಮಾತು, ಬಿಡೋದು ಕಷ್ಟ ಆಯ್ತು ನಿಜ, ಆದ್ರೆ ಬಿಟ್ಟ ಮೇಲೆ ಜನ ನಂಬದೇ ಇದ್ದದ್ದು ಅದಕ್ಕಿಂತ ಕಷ್ಟ ಆಯ್ತು ಅಂತ. ಹೆಂಗಸರ ವಿಷಯ ಅಂತೂ ಕೇಳಲೇಬೇಡಿ, ಕುಡಿತಕ್ಕೆ ಸಿಕ್ಕಿರೋ ಹೆಣ್ಣುಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತೋಕೇ ಹೆದರ್ತಾರೆ, ಗಂಡಸಿಗೆ ಚಟ ಅಂತಾರೆ ಹೆಂಗಸಿಗೆ ಬೇರೆ ಏನೇನೋ ಅಂತಾರೆ, ಹಂಗಾಗಿ ಅವರು ಬಿಟ್ಟಿದ್ದೂ ಯಾರಿಗೂ ಗೊತ್ತಾಗಲ್ಲ, ಬಿಡಕ್ಕಾಗದೆ ಸತ್ತಿದ್ದೂ ಗೊತ್ತಾಗಲ್ಲ.

ಎಲ್ಲರೂ ಹೇಳೋ ಒಂದು ಮಾತಿದೆ, ಮನಸ್ಸು ಮಾಡಿದ್ರೆ ಒಂದೇ ದಿನಕ್ಕೆ ಬಿಡಬಹುದು ಅಂತ. ದಯವಿಟ್ಟು ಈ ಮಾತನ್ನ ಯಾರೂ ಹೇಳಬೇಡಿ, ಇದು ಜೀವಕ್ಕೆ ಅಪಾಯ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಂದೇ ಸಲ ನಿಲ್ಲಿಸಿದ್ರೆ ಮೊದಲು ಕೈ ನಡುಕ, ಬೆವರು, ನಿದ್ದೆ ಇಲ್ಲ, ಮೊದಲೆರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಭ್ರಮೆ ಶುರುವಾಗುತ್ತೆ, ಇಲ್ಲದ ಹುಳ ಗೋಡೆ ಮೇಲೆ ಕಾಣಿಸುತ್ತೆ, ಮನೆಯೋರ ಗುರುತೇ ಸಿಗಲ್ಲ, ಜ್ವರ ಬರುತ್ತೆ, ಚಿಕಿತ್ಸೆ ಸಿಗದಿದ್ರೆ ಸಾಯ್ತಾರೆ. ಹಳ್ಳಿ ಕಡೆ ಇದನ್ನ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಕರ್ಕೊಂಡು ಹೋಗ್ತಾರೆ, ಅಷ್ಟೊತ್ತಿಗೆ ಆಸ್ಪತ್ರೆಗೆ ಹೋಗೋ ಟೈಮ್ ದಾಟಿರುತ್ತೆ. ಥಯಾಮಿನ್ ಅಂತ ಬಿ ವಿಟಮಿನ್ ಇಂಜೆಕ್ಷನ್, ಅದರ ಜೊತೆ ದಿನದಿಂದ ದಿನಕ್ಕೆ ಕಮ್ಮಿ ಮಾಡ್ಕೊಂಡು ಹೋಗೋ ಮಾತ್ರೆ, ಇಷ್ಟು ತಾಲೂಕು ಆಸ್ಪತ್ರೆಲೂ ಕೊಡಬಹುದು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಎಲ್ಲಾ ದಿಢೀರ್ ಅಂತ ಮುಚ್ಚಿದಾಗ ರಾಜ್ಯದಲ್ಲಿ ಎಷ್ಟು ಜನ ಈ ಸಂಕಟ ಪಟ್ಟರು, ಕೆಲವರು ಪ್ರಾಣನೇ ಕಳ್ಕೊಂಡ್ರು, ಆಮೇಲೆ ಮೇ 4ಕ್ಕೆ ಅಂಗಡಿ ತೆಗೆದಾಗ ಟಿವಿಯೋರು ಆ ಕ್ಯೂ ತೋರಿಸಿ ತೋರಿಸಿ ನಕ್ಕರು. ಆ ಸಾಲಲ್ಲಿ ನಿಂತೋರಲ್ಲಿ ಕಾಯಿಲೆ ಮನುಷ್ಯರೂ ಇದ್ರು ಅಂತ ಒಂದು ಚಾನೆಲ್ ಆದ್ರೂ ಹೇಳಬೇಕಿತ್ತು.

ಕೇಂದ್ರ ಸರ್ಕಾರಕ್ಕೋಸ್ಕರ ದೆಹಲಿ ಏಮ್ಸ್‌ನೋರು ಮಾಡಿದ ಸರ್ವೆ 2019ರಲ್ಲಿ ಬಂತು. ದೇಶದಲ್ಲಿ ಕುಡಿತದ ಸಮಸ್ಯೆಗೆ ಸಹಾಯ ಬೇಕಾಗಿರೋರು 5.7 ಕೋಟಿ ಜನ. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದ್ರೂ ಒಂದು ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಗೆ ಅಡ್ಮಿಟ್ ಆಗಿ ಚಿಕಿತ್ಸೆ ತಗೊಂಡೋರು 180ಕ್ಕೆ ಒಬ್ಬರು. ಅಂದ್ರೆ ಬಾಗಿಲವರೆಗೆ ಬಂದೋರೇ ಇಷ್ಟು ಕಮ್ಮಿ, ಹಂಗೆ ಬಂದು ಗೆದ್ದೋರನ್ನ ನಾವು ಹಿಂಗೆ ನಡೆಸ್ಕೊಂಡ್ರೆ ಉಳಿದೋರು ಯಾವ ಧೈರ್ಯದ ಮೇಲೆ ಬರ್ತಾರೆ ಹೇಳಿ. ಬಿಟ್ರೂ ಅಷ್ಟೇ ಬಿಡದಿದ್ರೂ ಅಷ್ಟೇ ಅಂತ ಅನಿಸಿಬಿಟ್ರೆ ಬಿಡೋದ್ಯಾಕೆ.

ಈಗ ಕಾನೂನಿನ ಮಾತು, ಇದನ್ನ ನಾನು ಅಣ್ಣನ ಬಿಲ್ಲು ಹಿಡ್ಕೊಂಡು ಓಡಾಡ್ತಾ ಕಲಿತಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ, 2018ರ ಮೇನಲ್ಲಿ ಜಾರಿಗೆ ಬಂತು. ಮದ್ಯ ಮತ್ತೆ ಡ್ರಗ್ಸ್‌ನಿಂದ ಬರೋ ಮಾನಸಿಕ ತೊಂದರೆಯೂ ಮಾನಸಿಕ ಕಾಯಿಲೆನೇ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದಾರೆ. ಅದೇ ಕಾಯ್ದೆ 21ನೇ ಸೆಕ್ಷನ್, ಮೈ ಕಾಯಿಲೆಗೆ ಹೆಂಗೆ ಇನ್ಶೂರೆನ್ಸ್ ಕೊಡ್ತೀರೋ ಮಾನಸಿಕ ಕಾಯಿಲೆಗೂ ಹಂಗೇ ಕೊಡಬೇಕು ಅನ್ನುತ್ತೆ. ಸರಿ ಅಂತ ಪಾಲಿಸಿ ಕಾಗದ ತೆಗೆದು ನೋಡಿ, ನಿಮ್ಮ ಮನೇಲಿರೋ ಹೆಲ್ತ್ ಪಾಲಿಸಿನೇ ತೆಗೆದು ನೋಡಿ, ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ 12ನೇ ಕೋಡ್, ಮದ್ಯವ್ಯಸನ, ಡ್ರಗ್ಸ್, ಇನ್ಯಾವುದೇ ಚಟದ ಚಿಕಿತ್ಸೆ ಮತ್ತೆ ಅದರಿಂದಾದ ಪರಿಣಾಮ ಯಾವುದಕ್ಕೂ ದುಡ್ಡು ಕೊಡಲ್ಲ ಅಂತಿರುತ್ತೆ. 2019ರಲ್ಲಿ ವಿಮಾ ಪ್ರಾಧಿಕಾರ ಐಆರ್‌ಡಿಎಐನೇ ಸ್ಟ್ಯಾಂಡರ್ಡ್ ಮಾಡಿಕೊಟ್ಟ ಭಾಷೆ ಅದು. ಒಂದು ಕೈಯಲ್ಲಿ ಪಾರ್ಲಿಮೆಂಟು ಕಾಯಿಲೆ ಅನ್ನುತ್ತೆ, ಇನ್ನೊಂದು ಕೈಯಲ್ಲಿ ವಿಮಾ ಪ್ರಾಧಿಕಾರ ಅದನ್ನ ಹೊರಗೆ ಹಾಕಬಹುದು ಅನ್ನುತ್ತೆ. ಆ ಪರಿಣಾಮ ಅನ್ನೋ ಪದ ಇದ್ಯಲ್ಲ, ಅದು ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆದ ಮೇಲೆ ಲಿವರ್ ಕೈ ಕೊಟ್ರೂ ಕ್ಲೇಮ್ ತಳ್ಳೋಕೆ ದಾರಿ ಮಾಡಿ ಕೊಡುತ್ತೆ. ನಮ್ಮ ಸಂಸದರು ಯಾರಾದ್ರೂ ಇದನ್ನ ಲೋಕಸಭೆಯಲ್ಲಿ ಎತ್ತಬೇಕು, ಕರ್ನಾಟಕದಿಂದ 28 ಜನ ಇದೀರಿ, ಒಬ್ಬರು ಎತ್ತಿದ್ರೂ ಸಾಕು.

ಅದೇ ಕಾಯ್ದೆ 95ನೇ ಸೆಕ್ಷನ್ ಪ್ರಕಾರ ರೋಗಿಯನ್ನ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಂಗಿಲ್ಲ. ಮಾನಸಿಕ ಆರೋಗ್ಯ ಸಂಸ್ಥೆಗಳು ರಿಜಿಸ್ಟರ್ ಆಗಿರಲೇಬೇಕು. ಆದ್ರೂ ಬಾಡಿಗೆ ಮನೆ ಹಿಡಿದು ಕಿಟಕಿಗೆ ಗ್ರಿಲ್ ಹಾಕಿ ಡೀ-ಅಡಿಕ್ಷನ್ ಸೆಂಟರ್ ಅಂತ ಬೋರ್ಡ್ ಹಾಕೋರು ಇದಾರೆ, ಡಾಕ್ಟ್ರು ಯಾವತ್ತಾದ್ರೂ ಬಂದ್ರೆ ಬಂದ್ರು, ಒಳಗೆ ಹೊಡೆತ, ಮನೆಯೋರಿಗೆ ಫೋನ್ ಮಾಡೋಕೂ ಬಿಡಲ್ಲ. ಅಣ್ಣ ಮೊದಲು ಇದ್ದಿದ್ದು ಅಂಥದ್ದೊಂದರಲ್ಲೇ, ಬೆನ್ನಿನ ಮೇಲಿನ ಗುರುತು ಇನ್ನೂ ಇದೆ. ಹೊಡೆತದ ಹೆದರಿಕೆಗೆ ಬಿಟ್ಟೋನು ಹೆದರಿಕೆ ಹೋದ ದಿನ ಮತ್ತೆ ಕುಡೀತಾನೆ, ಅವನೂ ಹಂಗೇ ಮಾಡಿದ. ಗೌರವ ಕೊಟ್ಟು ಮಾತಾಡಿಸಿದ ಸರ್ಕಾರಿ ಆಸ್ಪತ್ರೆ ನರ್ಸಮ್ಮನ ಮಾತಿಗೆ ಬಿಟ್ಟ.

ನಿಮ್ಮ ಪತ್ರಿಕೆಗೂ ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಒಳಪುಟದ ಚಿಕ್ಕ ಜಾಹೀರಾತಿನಲ್ಲಿ, ಕುಡಿಯೋರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ ಅಂತ ಪುಡಿ ಮಾರೋರ ನಂಬರ್ ಬರುತ್ತೆ. ಅದರಲ್ಲಿ ಏನಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ನಿಜವಾಗ್ಲೂ ಇದೆ, ಡಾಕ್ಟ್ರು ಬರೆದುಕೊಡ್ತಾರೆ, ಆದ್ರೆ ಅದು ತಗೊಳ್ಳೋನಿಗೆ ಗೊತ್ತಿದ್ದು ಒಪ್ಪಿ ತಗೊಳ್ಳೋ ಔಷಧಿ, ಅದರ ಮೇಲೆ ಕುಡಿದ್ರೆ ಮುಖ ಕೆಂಪಾಗಿ ವಾಂತಿ ಆಗಿ ಎದೆ ಬಡಿತ ಏರಿ ಬಿಪಿ ಕುಸಿಯುತ್ತೆ, ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿದ್ರೆ ಆ ಮನುಷ್ಯ ಸಾಯಲೂಬಹುದು. ಹೆಂಡತಿ ಕೈಯಲ್ಲೇ ಇಂಥ ಕೆಲಸ ಮಾಡಿಸೋ ಜಾಹೀರಾತು ಕನ್ನಡ ಪತ್ರಿಕೆಗಳು ನಿಲ್ಲಿಸಬೇಕು. ಆ ಜಾಗದಲ್ಲಿ 14446 ಅಂತ ದೊಡ್ಡದಾಗಿ ಹಾಕಿ, ಅದು ಚಟ ಬಿಡೋರಿಗೆ ಅಂತ್ಲೇ ಇರೋ ರಾಷ್ಟ್ರೀಯ ಸಹಾಯವಾಣಿ, ಇನ್ನು 14416 ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿಲ್ಲ ಅಂತ ಸರ್ಕಾರ ಹೇಳೋ ಹಾಗಿಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಲ್ಲಿಸಿದ್ರು, ಎಷ್ಟೋ ಹೆಣ್ಣುಮಕ್ಕಳು ಖುಷಿ ಪಟ್ರು, ಆದ್ರೆ ಕುಡಿಯೋರು ಕಡಿಮೆ ರೇಟಿನ ವಿಸ್ಕಿ ಬ್ರಾಂದಿ ಕಡೆ ತಿರುಗಿದ್ರು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕು ಅಂತ ಇಟ್ಟ ಗುರಿ 40,000 ಕೋಟಿ ರೂಪಾಯಿ. ನಾನು ಬಾರ್ ಮುಚ್ಚಿ ಅಂತ ಕೇಳ್ತಿಲ್ಲ, ಆ ವಾದ ಬೇರೆ, ಅದಕ್ಕೆ ಬೇರೆ ಪತ್ರ ಬೇಕು. ಆ ದುಡ್ಡು ಕೊಟ್ಟೋರಲ್ಲಿ ನಮ್ಮಣ್ಣನಂಥೋರು ಲಕ್ಷಗಟ್ಟಲೆ ಇದಾರೆ, ಅವರು ಎದ್ದು ನಿಲ್ಲೋವಾಗ ಅದರಲ್ಲೊಂದು ಪಾಲು ಅವರಿಗೆ ವಾಪಸ್ ಬರಲಿ ಅಂತ ಕೇಳ್ತಿದೀನಿ, ಇದು ಭಿಕ್ಷೆ ಅಲ್ಲ.

ದಾರಿ ಗೊತ್ತಿಲ್ಲ ಅಂತಲೂ ಇಲ್ಲ. 1985ರಿಂದ 90ರ ತನಕ ನಿಮ್ಹಾನ್ಸ್‌ನೋರು ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಡಾಕ್ಟ್ರಿಗೇ ಟ್ರೈನಿಂಗ್ ಕೊಟ್ಟು ಮಾನಸಿಕ ಕಾಯಿಲೆಗೆ ಹಳ್ಳಿಲೇ ಔಷಧಿ ಸಿಗೋ ಹಾಗೆ ಮಾಡಿ ತೋರಿಸಿದ್ರು, 1996ರಲ್ಲಿ ದೇಶಕ್ಕೆ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ಬಳ್ಳಾರಿನೇ. ಈಗ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮನೋವೈದ್ಯರು ತಿಂಗಳಿಗೊಮ್ಮೆ ಬರ್ತಾರೆ. ಒಳ್ಳೇದೇ, ಆದ್ರೆ ಹೊಸದಾಗಿ ಬಿಟ್ಟೋನಿಗೆ ಮೊದಲ ಮೂರು ತಿಂಗಳು ವಾರ ವಾರ ಯಾರಾದ್ರೂ ಬೇಕು, ಕೂಲಿ ಬಿಟ್ಟು ಮಂಗಳವಾರ ಬೆಳಿಗ್ಗೆ ಕ್ಯೂ ನಿಲ್ಲೋಕಾಗಲ್ಲ. ಸಂಜೆ ಹೊತ್ತು ಒಂದು ಕೌನ್ಸೆಲರ್ ಇರಲಿ, ಬಿಟ್ಟಿರೋರನ್ನೇ ಟ್ರೈನಿಂಗ್ ಕೊಟ್ಟು ಸಂಬಳ ಕೊಟ್ಟು ಇಟ್ಕೊಳ್ಳಿ, ಅವರಿಗಿಂತ ಚೆನ್ನಾಗಿ ಆ ಸಂಕಟ ಯಾರಿಗೆ ಗೊತ್ತಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೋರ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೀತವೆ, ಎಂಟು ದಿನ ಅಲ್ಲೇ ಉಳ್ಕೊಂಡು ಬಿಡಿಸ್ತಾರೆ, ಆಮೇಲೆ ಬಿಟ್ಟೋರನ್ನ ಸೇರಿಸಿ ನವಜೀವನ ಸಮಿತಿ ಮಾಡ್ತಾರೆ. ನನಗೆ ಆ ಶಿಬಿರಕ್ಕಿಂತ ಆ ಸಮಿತಿ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಎಂಟು ದಿನ ಬಿಡೋದಕ್ಕಿಂತ ಎಂಟನೇ ದಿನ ಮನೆಗೆ ಬಂದ ಮೇಲೆ ಇರೋದೇ ಕಷ್ಟ.

ಮತ್ತೆ ಕುಡಿದುಬಿಟ್ರೆ ಅಂತ ಎಲ್ಲರೂ ಕೇಳ್ತಾರೆ. ಹೌದು, ಎಷ್ಟೋ ಜನ ಒಂದ್ಸಲ ಜಾರ್ತಾರೆ, ಎರಡು ಸಲ ಜಾರ್ತಾರೆ. ಬಿಪಿ ಇರೋರು ಮಾತ್ರೆ ತಪ್ಪಿಸಿ ಉಪ್ಪಿನಕಾಯಿ ತಿಂದು ಬಿಪಿ ಏರಿಸ್ಕೊಂಡು ಬಂದ್ರೆ ಡಾಕ್ಟ್ರು ಬಾಗಿಲು ಹಾಕ್ತಾರಾ, ಡೋಸ್ ನೋಡಿ ಸರಿ ಮಾಡ್ತಾರೆ, ಇಲ್ಲೂ ಅಷ್ಟೇ ಮಾಡಬೇಕು. ಜಾರಿದೋನು ಮನೆಗೆ ಬಂದು ಹೇಳ್ಕೊಳ್ಳೋ ಹಾಗಿದ್ರೆ ಮಾರನೇ ದಿನ ಆಸ್ಪತ್ರೆಗೆ ಹೋಗ್ತಾನೆ, ಬೈತಾರೆ ಅಂತ ಮುಚ್ಚಿಟ್ರೆ ತಿಂಗಳುಗಟ್ಟಲೆ ಕುಡೀತಾನೆ. ನಮ್ಮ ಕಡೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಮನೆ ತುಂಬ ನೆಂಟರು, ಬಾಡೂಟ, ಆಗ ಎಲೆ ಮುಂದೆ ಕೂತ ಬಿಟ್ಟೋನಿಗೆ ಇವತ್ತೊಂದಿನ ತಗೋ ಅಮ್ಮನ ಹಬ್ಬ ಅಂತ ಗ್ಲಾಸ್ ಹಿಡಿಯೋರು ಇರ್ತಾರಲ್ಲ, ಅವರಿಗೆ ಒಂದು ಗ್ಲಾಸು, ಅವನಿಗೆ ಅಷ್ಟು ವರ್ಷದ ಶ್ರಮ. ದಯಮಾಡಿ ಒತ್ತಾಯ ಮಾಡಬೇಡಿ. ಬೇಡ ಅಂದ್ರೆ ಯಾಕೆ ಅಂತಲೂ ಕೇಳಬೇಡಿ, ಮಜ್ಜಿಗೆ ಕೊಡಿ, ಜ್ಯೂಸ್ ಕೊಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಸಂಬಂಧಿಕರು ಮಾತಾಡಿಸೋ ನೆಪದಲ್ಲಿ ಹತ್ತಿರ ಬಂದು ಬಾಯಿ ವಾಸನೆ ನೋಡೋದನ್ನೂ ಬಿಡಿ, ಅದು ಅವನಿಗೆ ಗೊತ್ತಾಗುತ್ತೆ, ಪ್ರತಿ ಸಲನೂ ಗೊತ್ತಾಗುತ್ತೆ.

ಗಾಂಜಾ, ಮಾತ್ರೆಗೆ ಬಿದ್ದಿರೋ ಚಿಕ್ಕ ಹುಡುಗರ ಬಗ್ಗೆನೂ ಎರಡು ಸಾಲು. ಪೊಲೀಸ್ ಹೆದರಿಕೆಗೆ ತಂದೆ ತಾಯಿ ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ. ಮಾದಕ ವಸ್ತು ತಡೆಗೆ ಇರೋ 1985ರ ಎನ್‌ಡಿಪಿಎಸ್ ಕಾಯ್ದೆಲಿ 64ಎ ಅಂತ ಸೆಕ್ಷನ್ ಇದೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇರೋ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಬಂದು ಅದನ್ನ ಪೂರ್ತಿ ಮುಗಿಸಿದ್ರೆ ಆ ಕೇಸಲ್ಲಿ ಶಿಕ್ಷೆಗೆ ಗುರಿ ಮಾಡಂಗಿಲ್ಲ. ಇದನ್ನ ಎಷ್ಟು ಪೋಷಕರಿಗೆ ಯಾರು ಹೇಳಿದಾರೆ? ಕಾಲೇಜಿಗೆ ಬಂದು ಭಾಷಣ ಮಾಡೋ ಅಧಿಕಾರಿಗಳು ಜೈಲು ಎಷ್ಟು ವರ್ಷ ಅಂತ ಹೇಳೋ ಜೊತೆಗೆ ಇದನ್ನೂ ಹೇಳಲಿ. ಪತ್ರಿಕೆಯೋರು ಸೇವನೆ ಮಾಡಿ ಸಿಕ್ಕ ಹುಡುಗರ ಮುಖ ಹಾಕಬೇಡಿ, ಮಾರೋರ ಸುದ್ದಿ ಬೇರೆ, ಅವರದ್ದು ಬೇರೆ. ಹತ್ತು ವರ್ಷ ಬಿಟ್ಟು ಅವನು ಕೆಲಸಕ್ಕೆ ಅರ್ಜಿ ಹಾಕಿದಾಗ ಗೂಗಲ್‌ನಲ್ಲಿ ಮೊದಲು ಬರೋದು ಆ ಫೋಟೊನೇ.

ನಮ್ಮಣ್ಣನಿಗೆ ಕೊನೆಗೆ ಕೆಲಸ ಸಿಕ್ತು. ಶಿವಮೊಗ್ಗ ರೋಡಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರೋ ಒಬ್ಬ ಸಾಬರು, ನನಗೆ ಎಲ್ಲಾ ಗೊತ್ತು, ಬೆಳಿಗ್ಗೆ ಟೈಮಿಗೆ ಬಾ ಅಷ್ಟೇ ಸಾಕು ಅಂದ್ರು. ವಾರಕ್ಕೊಂದು ಸಂಜೆ ಮೀಟಿಂಗಿಗೆ ಬೇಗ ಬಿಡ್ತಾರೆ, ಆ ಒಂದು ಗಂಟೆ ಸಂಬಳ ಹಿಡಿಯಲ್ಲ. ಕೈಗಾರಿಕಾ ಪ್ರದೇಶದ ಮಾಲೀಕರ ಸಂಘಗಳು, ಅಡಿಕೆ ಮಂಡಿಯೋರು, ಗ್ಯಾರೇಜಿನೋರು ಇಂಥ ಒಂದೊಂದು ಕೆಲಸ ಕೊಡೋಕೆ ಮುಂದೆ ಬಂದ್ರೆ ನಾನೇ ಹೋಗಿ ಮೀಟಿಂಗಲ್ಲಿ ಹೇಳ್ತೀನಿ, ಕೆಲಸ ಬರೋ ಕೈಗಳು ಅಲ್ಲಿ ಬೇಕಾದಷ್ಟಿವೆ. ಮುಂದಿನ ಜೂನ್ 26ಕ್ಕೆ ನಿಮ್ಮ ವರದಿಗಾರರನ್ನ ಜಾಥಾಕ್ಕೆ ಕಳಿಸಿದ ಹಾಗೆ ಅವತ್ತು ಸಂಜೆ ಇಂಥ ಒಬ್ಬ ಮಾಲೀಕರ ಹತ್ರನೂ ಕಳಿಸಿ, ಯಾಕೆ ಕೆಲಸ ಕೊಟ್ರಿ, ಹೆಂಗೆ ನಡೀತಿದೆ ಅಂತ ಕೇಳಿ ಬರೀಲಿ. ಎಎಯೋರ ಮುಖ, ಹೆಸರು ಹಾಕೋದು ಬೇಡ, ಅದು ಅವರ ನಿಯಮ.

ನನ್ನ ಹೆಸರನ್ನೂ ಹಾಕಬೇಡಿ ಅಂತ ಕೇಳ್ಕೋತೀನಿ, ಅಣ್ಣನ ಮಗಳಿಗೆ ಮತ್ತೊಂದು ಸಂಬಂಧ ನೋಡ್ತಿದೀವಿ.

ಇಂತಿ,
ನಿಮ್ಮ ಓದುಗಳು
ಚನ್ನಗಿರಿ ತಾಲೂಕು, ದಾವಣಗೆರೆ ಜಿಲ್ಲೆ